ಹಳೆಯ ಗಣಕಯಂತ್ರದ ವೇಗವರ್ಧನೆಯೂ ಅದರಲ್ಲಿ ವಹಿಸತಕ್ಕ ಎಚ್ಚರಿಕೆಯೂ

ಹದಿನೈದು ಹದಿನೆಂಟು ವರ್ಷಗಳ ಹಿಂದೆ ಕೊಂಡ ಮೇಜಿನ ಗಣಕಯಂತ್ರವೊಂದು ಬಟ್ಟೆಯ ಮುಸುಕನ್ನು ಹೊದ್ದು ಮನೆಯ ಮೂಲೆಯಲ್ಲಿ ಕುಳಿತಿರುವುದು ನಮ್ಮ ಪೂರ್ವವಿದ್ಯಾರ್ಥಿನಿಯರ ಮನೆಗಳಲ್ಲಾಗಲಿ, ಈಗಿನ ವಿದ್ಯಾರ್ಥಿನಿಯರ ತಂದೆತಾಯಂದಿರ ಮನೆಗಳಲ್ಲಾಗಲಿ ಅಪೂರ್ವವಾದ ಸಂಗತಿಯಲ್ಲ. ಅಂಥ ಯಂತ್ರವು ಸಾಮಾನ್ಯವಾಗಿ ಕೆಟ್ಟುಹೋದುದಲ್ಲ. ನಿಧಾನವಾಯಿತೆಂಬ ಒಂದೇ ಅಪವಾದಕ್ಕೆ ಗುರಿಯಾಗಿ ಮೂಲೆಗೆ ಸೇರಿದುದು. ಅದರ ಹೃದಯಸ್ಥಾನದಲ್ಲಿರುವ ಪ್ರೊಸೆಸರೆಂಬ ಸಿಲಿಕಾನಿನ ಬಿಲ್ಲೆಯನ್ನು, ತಯಾರಕರು ಗೊತ್ತುಮಾಡಿದುದಕ್ಕಿಂತ ಹೆಚ್ಚು ವೇಗದಲ್ಲಿ ನಡೆಯಿಸುವ ಉಪಾಯವೊಂದುಂಟು. ಅದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ವೇಗವರ್ಧನೆ ಎಂದು ಕರೆಯೋಣ. ಹಣ ವೆಚ್ಚಮಾಡದೆ ಹಳೆಯ ಯಂತ್ರಕ್ಕೆ ಹೊಸ ಚೈತನ್ಯವನ್ನು ತರಬಹುದೆಂದು ಕೇಳಿದ ಕೂಡಲೆ ಮನೆಯ ಮಕ್ಕಳಿಗೆ ಉತ್ಸಾಹವೂ ಹಿರಿಯರಿಗೆ ಭಯವೂ ಉಂಟಾಗುವುದು ಸಹಜವೇ. ಹಿರಿಯರ ಭಯವು ಬಹುಮಟ್ಟಿಗೆ ಯಂತ್ರವು ಸುಟ್ಟುಹೋದೀತೆಂಬುದು. ಆ ಭಯವು ತೀರ ನಿರಾಧಾರವಲ್ಲವಾದರೂ ನಿಜವಾಗಿ ಭಯಪಡತಕ್ಕದ್ದು ಬೇರೊಂದುಂಟು. ಅತಿವೇಗದಲ್ಲಿ ನಡೆಯುವ ಪ್ರೊಸೆಸರು ಸುಟ್ಟುಹೋಗುವುದು ವಿರಳ. ಸುಳ್ಳು ಹೇಳುವುದು ಮಾತ್ರ ವಿರಳವಲ್ಲ. ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ತಪ್ಪಿ, ಆ ತಪ್ಪನ್ನು ಯಾರಿಗೂ ತಿಳಿಸದೆ ಮುಂದೆ ಸಾಗುವ ಯಂತ್ರಕ್ಕಿಂತ ಸುಟ್ಟುಹೋದ ಯಂತ್ರವೇ ಮೇಲೆಂದು ನಮ್ಮ ಅಭಿಪ್ರಾಯ.

ಮಾತು ಗಾಳಿಯಲ್ಲಿ ಹಾರಿಹೋಗದಂತೆ ಒಂದು ನಿಶ್ಚಿತವಾದ ಯಂತ್ರವನ್ನೇ ಮುಂದಿಟ್ಟುಕೊಂಡು ವಿವರಿಸುವುದು ಲೇಸು. ಅಮೇರಿಕಾ ದೇಶದ ಇಂಟೆಲ್ ಕಂಪೆನಿಯವರು ೨೦೦೭ನೆಯ ಇಸವಿಯ ಜನವರಿಯಲ್ಲಿ ಕೋರ್ ೨ ಕ್ವಾಡ್ ಕ್ಯೂ ೬೬೦೦ ಎಂಬ ಪ್ರೊಸೆಸರನ್ನು ಮಾರಾಟಕ್ಕೆ ತಂದರು. ಒಂದೇ ಹೊದಿಕೆಯ ಕೆಳಗೆ ಎರಡು ಸಿಲಿಕಾನ್ ತುಣುಕುಗಳನ್ನು ಅಕ್ಕಪಕ್ಕದಲ್ಲಿ ಕೂಡ್ರಿಸಿ, ಒಂದೊಂದರಲ್ಲಿ ಎರಡೆರಡು ಲೆಕ್ಕದ ಘಟಕಗಳಂತೆ ಒಟ್ಟು ನಾಲ್ಕನ್ನು ಇದರಲ್ಲಿ ಒದಗಿಸಿದ್ದರು. ಎರಡು ತುಣುಕುಗಳಲ್ಲಿಯೂ ಸೇರಿ ೫೮ ಕೋಟಿ ೨೦ ಲಕ್ಷ ಟ್ರಾನ್ಸಿಸ್ಟರುಗಳು. ಗೊತ್ತುಮಾಡಿದ ವೇಗ ೨.೪ ಗಿಗಾಹರ್ಟ್ಸ್, ಎಂದರೆ ಸೆಕೆಂಡಿಗೆ ೨೪೦ ಕೋಟಿ ಬಡಿತಗಳು. ಈ ಪ್ರೊಸೆಸರು ತನ್ನ ಕಾಲದಲ್ಲಿ ಬಹು ಜನಪ್ರಿಯವಾಗಿದ್ದು, ವೇಗವರ್ಧನೆಯನ್ನು ಕಲಿಯುವವರಿಗೆ ಪಾಠಪುಸ್ತಕದಂತೆ ಆಗಿತ್ತು. ಇದರ ರೀತಿಯನ್ನು ತಿಳಿದವರು ಅದೇ ಕಾಲದ ಇತರ ಪ್ರೊಸೆಸರುಗಳ ರೀತಿಯನ್ನೂ ಊಹಿಸಬಲ್ಲರು.

ಬಡಿತವೆಂದರೇನು? ಮದರ್‌ಬೋರ್ಡೆಂಬ ದೊಡ್ಡ ಫಲಕದ ಮೇಲೆ ಸ್ಫಟಿಕದ ಸಣ್ಣ ತುಣುಕೊಂದು ಇರುತ್ತದೆ. ವಿದ್ಯುತ್ತು ತಗಲಿದಾಗ ಅದು ಸೆಕೆಂಡಿಗೆ ಸುಮಾರು ೧ ಕೋಟಿ ೪೩ ಲಕ್ಷ ಸಲ ಕಂಪಿಸುವುದು. ಆ ಕಂಪನವನ್ನು ಆಧಾರವಾಗಿಟ್ಟುಕೊಂಡು, ಗಡಿಯಾರದ ಕೆಲಸಮಾಡುವ ಬೇರೊಂದು ಬಿಲ್ಲೆಯು ೨೬೬ ಮೆಗಾಹರ್ಟ್ಸಿನ ಮೂಲತಾಳವನ್ನು ಹೊರಡಿಸುವುದು. (ಪೆಟ್ಟಿಗೆಯ ಮೇಲೆ ೧೦೬೬ ಎಂದು ಬರೆದಿದ್ದರೆ ಗಾಬರಿಪಡಬೇಕಾದುದಿಲ್ಲ, ಒಂದು ಬಡಿತಕ್ಕೆ ನಾಲ್ಕು ಸಲ ವಿಷಯವನ್ನು ಸಾಗಿಸುವುದರಿಂದ ಹಾಗೆ ಬರೆಯುವ ವಾಡಿಕೆ.) ಪ್ರೊಸೆಸರು ಈ ಮೂಲತಾಳವನ್ನು ತನ್ನೊಳಗೆ ೯ರಿಂದ ಗುಣಿಸಿಕೊಂಡು ೨೪೦೦ ಮೆಗಾಹರ್ಟ್ಸಿನಲ್ಲಿ ನಡೆಯುವುದು. ಗುಣಕವಾದ ೯ನ್ನು ಮೇಲೇರಿಸಲಾಗದಂತೆ ತಯಾರಕರು ಬೀಗ ಹಾಕಿರುವರು; ಮೂಲತಾಳಕ್ಕಾದರೋ ಬೀಗವಿಲ್ಲ. ಅದನ್ನು ೩೩೩ಕ್ಕೆ ಏರಿಸಿದರೆ ೯ರಿಂದ ಗುಣಿಸಿ ೩೦೦೦ ಮೆಗಾಹರ್ಟ್ಸ್, ಅರ್ಥಾತ್ ೩ ಗಿಗಾಹರ್ಟ್ಸ್ ಆಯಿತು. ವೇಗವರ್ಧನೆಯ ಗಣಿತವೆಲ್ಲವೂ ಇಷ್ಟೇ.

ಆದರೆ ತಾಳವನ್ನು ಎಷ್ಟು ಬೇಕಾದರೂ ಏರಿಸಬಹುದೆ? ಕೋಲಾಟವನ್ನು ನೆನೆಯಿರಿ. ತಾಳ ಬಿದ್ದಾಗಲೆಲ್ಲ ಪ್ರತಿಯೊಬ್ಬಳ ಕೋಲೂ ಎದುರಿನವಳ ಕೋಲಿಗೆ ತಗಲಬೇಕು. ತಾಳವನ್ನು ತುಸು ತ್ವರೆಗೊಳಿಸಿದರೆ ಎಲ್ಲರೂ ಹೊಂದಿಕೊಳ್ಳುವರು. ಇನ್ನೂ ತ್ವರೆಗೊಳಿಸಿದರೆ ಯಾರೋ ಒಬ್ಬಳ ಕೋಲು ಗಾಳಿಯಲ್ಲಿಯೇ ಉಳಿಯುವುದು. ಆಟವು ಆ ಕ್ಷಣವೇ ನಿಂತುಬಿಡುವುದಿಲ್ಲ; ಸುತ್ತು ಮುಂದುವರಿಯುವುದು, ನೋಡುವವರಿಗೆ ಏನೂ ತಿಳಿಯದಿರಲೂಬಹುದು. ಪ್ರೊಸೆಸರಿನೊಳಗೂ ಹೀಗೆಯೇ. ಒಂದು ಬಡಿತಕ್ಕೂ ಮತ್ತೊಂದಕ್ಕೂ ನಡುವೆ ಸಂಕೇತವು ಹಲವಾರು ಟ್ರಾನ್ಸಿಸ್ಟರುಗಳನ್ನು ದಾಟಿ ತನ್ನ ನೆಲೆಯನ್ನು ಸೇರಬೇಕು. ಎಲ್ಲ ದಾರಿಗಳೂ ಒಂದೇ ಉದ್ದವಲ್ಲವಾದುದರಿಂದ ಅತ್ಯಂತ ದೀರ್ಘವಾದ ದಾರಿಯೇ ವೇಗದ ಮಿತಿಯನ್ನು ನಿರ್ಣಯಿಸುವುದು. ಸಂಕೇತವು ತಲಪುವ ಮುಂಚೆಯೇ ಮುಂದಿನ ಬಡಿತ ಬಿದ್ದರೆ ೧ ಇರಬೇಕಾದ ಎಡೆಯಲ್ಲಿ ೦ ದಾಖಲಾಗುವುದು. ಮುಂದಿನ ಲೆಕ್ಕವೆಲ್ಲ ಆ ತಪ್ಪಂಕಿಯ ಮೇಲೆಯೇ ನಡೆಯುವುದು. ವಿದ್ಯುತ್ತಿನ ಒತ್ತಡವನ್ನು, ಎಂದರೆ ವೋಲ್ಟೇಜನ್ನು, ಹೆಚ್ಚಿಸಿದರೆ ಟ್ರಾನ್ಸಿಸ್ಟರುಗಳು ಚುರುಕಾಗುವುವು. ಬಿಸಿಯೇರಿದರೆ ಆ ಕಾಲದ ಪ್ರೊಸೆಸರುಗಳಲ್ಲಿ ಮಂದವಾಗುವುವು. ಈ ಎರಡು ಮಾತುಗಳನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇವೇ ಒಂದನ್ನೊಂದು ಎಳೆದಾಡುವುವು.

ತಯಾರಕರು ಹೆಚ್ಚು ವೇಗದಲ್ಲಿ ನಡೆಯಬಲ್ಲ ವಸ್ತುವನ್ನು ಕಡಿಮೆ ವೇಗದ್ದೆಂದು ಏಕೆ ಮಾರುವರು ಎಂಬ ಸಂದೇಹ ಹುಟ್ಟಬಹುದು. ಒಂದೇ ಅಚ್ಚಿನಲ್ಲಿ ತೆಗೆದ ಬಿಲ್ಲೆಗಳೆಲ್ಲ ಸಮನಾಗಿ ಹುಟ್ಟುವುದಿಲ್ಲ. ಅವುಗಳನ್ನು ಪರೀಕ್ಷಿಸಿ, ಬಲವುಳ್ಳವನ್ನು ಹೆಚ್ಚು ಬೆಲೆಗೂ ಸಾಧಾರಣವಾದವನ್ನು ಕಡಿಮೆ ಬೆಲೆಗೂ ವಿಂಗಡಿಸುವರು. ಕಾಲಕ್ರಮದಲ್ಲಿ ಕೈಪಳಗಿ ಬಹುಪಾಲು ಬಿಲ್ಲೆಗಳು ಉತ್ತಮವಾಗಿಯೇ ಬಂದರೂ ಪೇಟೆಯಲ್ಲಿ ಅಗ್ಗದ ಮಾಲಿಗೇ ಗಿರಾಕಿ ಹೆಚ್ಚಾದುದರಿಂದ, ಉತ್ತಮವಾದವಕ್ಕೂ ಕಡಿಮೆ ವೇಗದ ಚೀಟಿಯನ್ನೇ ಅಂಟಿಸಬೇಕಾಗುವುದು. ಕ್ಯೂ ೬೬೦೦ರ ಕಥೆಯೂ ಇದೇ. ಹೊರಬಂದಾಗ ೮೫೧ ಡಾಲರುಗಳಿದ್ದ ಇದರ ಸಗಟು ಬೆಲೆ ಅದೇ ವರ್ಷದ ಜುಲೈಯಲ್ಲಿ ೨೬೬ ಡಾಲರಿಗೆ ಇಳಿಯಿತು. ಅದೇ ತಿಂಗಳಲ್ಲಿ ಇಂಟೆಲಿನವರು ಕ್ಯೂಎಕ್ಸ್ ೬೮೫೦ ಎಂಬುದನ್ನು ೯೯೯ ಡಾಲರಿಗೆ ಮಾರಲಾರಂಭಿಸಿದರು. ಅದು ಇದೇ ವಿನ್ಯಾಸದ ಬಿಲ್ಲೆ; ಮೂಲತಾಳ ೩೩೩, ಗುಣಕ ೯, ವೇಗ ೩ ಗಿಗಾಹರ್ಟ್ಸ್! ೨೬೬ ಡಾಲರಿನದನ್ನು ೯೯೯ ಡಾಲರಿನದರ ವೇಗಕ್ಕೆ ಏರಿಸುವ ಆಸೆ ಜನರಿಗೆ ಏಕೆ ಹುಟ್ಟಿತೆಂಬುದನ್ನು ಇನ್ನು ವಿವರಿಸಬೇಕಾದುದಿಲ್ಲ. ಇದು ಹೊಸ ಆಸೆಯೂ ಅಲ್ಲ. ೧೯೯೮ರಲ್ಲಿ ಬಂದ ಸೆಲೆರಾನ್ ೩೦೦ಎ ಎಂಬ ಅಗ್ಗದ ಪ್ರೊಸೆಸರಿನ ಮೂಲತಾಳವನ್ನು ೬೬ರಿಂದ ೧೦೦ಕ್ಕೆ ಏರಿಸಿ, ೩೦೦ ಮೆಗಾಹರ್ಟ್ಸಿನದನ್ನು ೪೫೦ರಲ್ಲಿ ನಡೆಯಿಸಿದವರು ಲೆಕ್ಕವಿಲ್ಲದಷ್ಟು ಮಂದಿ. ಕೊಂಡುಕೊಂಡ ವಸ್ತುವನ್ನು ಹೀಗೆ ದುಡಿಸಿಕೊಳ್ಳುವುದರಲ್ಲಿ ಅನ್ಯಾಯವೇನೂ ಇಲ್ಲ. ಯಂತ್ರ ಹೊಸದಾಗಿದ್ದಾಗ ಖಾತರಿಯು ರದ್ದಾಗುವ ಭಯವಿತ್ತು. ಈಗ ಖಾತರಿಯ ಕಾಲವೇ ಕಳೆದುಹೋಗಿದೆ.

ಇನ್ನು ಶಾಖದ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವೇಗವರ್ಧನೆಯಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಹೇಳುವುದು ಇದೇ ಲೆಕ್ಕ. ಪ್ರೊಸೆಸರು ಕೆಲಸ ಮಾಡುವಾಗ ವ್ಯಯವಾಗುವ ಶಕ್ತಿಯು ಬಡಿತದ ವೇಗಕ್ಕೆ ಸರಿಯಾಗಿ ಏರುವುದು. ವೋಲ್ಟೇಜಿನ ಮಟ್ಟಿಗಾದರೋ ಅದರ ವರ್ಗಕ್ಕೆ ಸರಿಯಾಗಿ ಏರುವುದು. ಒಂದು ಬಿಲ್ಲೆಯು ೧.೨೫ ವೋಲ್ಟಿನಲ್ಲಿ ನಡೆಯುತ್ತಿರುವುದೆಂದು ಇಟ್ಟುಕೊಳ್ಳೋಣ. ವೋಲ್ಟೇಜನ್ನು ಮುಟ್ಟದೆ ವೇಗವನ್ನು ಮಾತ್ರ ೨.೪ರಿಂದ ೩ಕ್ಕೆ ಏರಿಸಿದರೆ ಕೆಲಸವೂ ನೂರಕ್ಕೆ ೨೫ ಹೆಚ್ಚು, ಶಾಖವೂ ನೂರಕ್ಕೆ ೨೫ ಹೆಚ್ಚು, ವ್ಯಾಪಾರವು ನ್ಯಾಯವಾಗಿದೆ. ಅದೇ ೩ ಗಿಗಾಹರ್ಟ್ಸಿಗಾಗಿ ವೋಲ್ಟೇಜನ್ನು ೧.೩೫ಕ್ಕೆ ಏರಿಸಬೇಕಾಗಿ ಬಂದರೆ, ೧.೦೮ರ ವರ್ಗ ೧.೧೭, ಅದನ್ನು ೧.೨೫ರಿಂದ ಗುಣಿಸಿದರೆ ೧.೪೬. ಕೆಲಸ ೨೫ ಹೆಚ್ಚಾದುದಕ್ಕೆ ಶಾಖ ೪೬ ಹೆಚ್ಚಾಯಿತು. ಇಷ್ಟಕ್ಕೂ ತೃಪ್ತಿಯಿಲ್ಲದೆ ೩.೬ ಗಿಗಾಹರ್ಟ್ಸಿಗೆ ಕೈಚಾಚಿ ೧.೪೫ ವೋಲ್ಟನ್ನು ಕೊಟ್ಟರೆ, ಒಂದೂವರೆ ಪಟ್ಟು ಕೆಲಸಕ್ಕೆ ಎರಡು ಪಟ್ಟು ಶಾಖವನ್ನು ತೆರಬೇಕಾಗುವುದು. ಆ ಶಾಖದಿಂದ ಟ್ರಾನ್ಸಿಸ್ಟರುಗಳು ಮಂದವಾಗಿ ಇನ್ನಷ್ಟು ವೋಲ್ಟೇಜನ್ನು ಬೇಡುವುವು. ಅದರಿಂದ ಇನ್ನಷ್ಟು ಶಾಖ. ಬಡ್ಡಿಗೆ ಬಡ್ಡಿ ಸೇರುವ ಸಾಲದ ಹಾಗೆ.

ಆದಕಾರಣ ಹಳೆಯ ಯಂತ್ರದ ಯಜಮಾನಳಿಗೆ ನಮ್ಮ ಸಲಹೆ ಏನೆಂದರೆ, ವೋಲ್ಟೇಜನ್ನು ಮುಟ್ಟದೆ ದೊರೆಯುವಷ್ಟು ವೇಗಕ್ಕೆ ತೃಪ್ತಿಪಡುವುದು. ಕ್ಯೂ ೬೬೦೦ರ ಮಟ್ಟಿಗೆ ಅದು ಸಾಮಾನ್ಯವಾಗಿ ೩ ಗಿಗಾಹರ್ಟ್ಸಿನ ಆಸುಪಾಸಿನಲ್ಲಿರುತ್ತದೆ. ಈ ಪ್ರೊಸೆಸರಿನಲ್ಲಿ ಎರಡು ಪ್ರಭೇದಗಳುಂಟು. ಮೊದಲು ಬಂದ ಬಿ೩ ಎಂಬುದಕ್ಕೆ ೧೦೫ ವ್ಯಾಟಿನ ಶಾಖವನ್ನೂ, ೨೦೦೭ರ ಜುಲೈಯಿಂದ ಬಂದ ಜಿ೦ ಎಂಬುದಕ್ಕೆ ೯೫ ವ್ಯಾಟಿನ ಶಾಖವನ್ನೂ ತಯಾರಕರು ಗೊತ್ತುಮಾಡಿದ್ದಾರೆ. ಮುಚ್ಚಳದ ನಡುಮಧ್ಯದ ಉಷ್ಣವು ಬಿ೩ರಲ್ಲಿ ೬೨ ಡಿಗ್ರಿ ಸೆಂಟಿಗ್ರೇಡನ್ನೂ ಜಿ೦ರಲ್ಲಿ ೭೧ ಡಿಗ್ರಿಯನ್ನೂ ಮೀರಬಾರದು. ಮುಚ್ಚಳದ ಮೇಲೆ ಎಸ್, ಎಲ್, ಎ, ಸಿ, ಆರ್ ಎಂಬ ಐದು ಅಕ್ಷರಗಳು ಒಟ್ಟಾಗಿ ಕೆತ್ತಿದ್ದರೆ ಅದು ಜಿ೦. ಅದರ ೯೫ ವ್ಯಾಟಿಗೆ ನೂರಕ್ಕೆ ೨೫ ಸೇರಿಸಿದರೆ ೧೧೯. ಕ್ಯೂಎಕ್ಸ್ ೬೮೫೦ಕ್ಕೆ ತಯಾರಕರು ತಾವೇ ಒಪ್ಪಿದ ೧೩೦ ವ್ಯಾಟಿಗಿಂತ ಇದು ಕಡಿಮೆಯೇ. ಬಿ೩ ಉಳ್ಳವರು ಮೂಲತಾಳವನ್ನು ೩೦೦ಕ್ಕೆ ಏರಿಸಿ ೨.೭ ಗಿಗಾಹರ್ಟ್ಸಿನಲ್ಲಿ ನಿಲ್ಲುವುದು ಉಚಿತ.

ಮದರ್‌ಬೋರ್ಡೂ ಒಪ್ಪಬೇಕಷ್ಟೆ. ೨೦೦೭ರಲ್ಲಿ ಬಂದ ಪಿ೩೫, ಅದರ ಮರುವರ್ಷ ಬಂದ ಪಿ೪೫ ಎಂಬ ಇಂಟೆಲ್ ಚಿಪ್‌ಸೆಟ್ಟುಗಳುಳ್ಳ ಬೋರ್ಡುಗಳಿಗೆ ೩೩೩ರ ಮೂಲತಾಳವು ನಿಯಮಾನುಸಾರವಾದುದೇ. ಬೋರ್ಡಿನ ಪಾಲಿಗೆ ಅಲ್ಲಿ ಅತಿವೇಗವೆಂಬುದೇ ಇಲ್ಲ. ದೊಡ್ಡ ಕಂಪೆನಿಗಳು ಸಿದ್ಧವಾಗಿ ಜೋಡಿಸಿ ಮಾರಿದ ಯಂತ್ರಗಳಲ್ಲಾದರೋ ತಾಳವನ್ನು ಬದಲಿಸುವ ಅವಕಾಶವನ್ನೇ ಸಾಧಾರಣವಾಗಿ ಕೊಟ್ಟಿರುವುದಿಲ್ಲ. ಪ್ರೊಸೆಸರಿನ ಅಡಿಯ ೭೭೫ ಸ್ಪರ್ಶಬಿಂದುಗಳಲ್ಲಿ ಒಂದಕ್ಕೆ ಅಂಟುಪಟ್ಟಿಯನ್ನು ಹಚ್ಚಿ ಬೋರ್ಡನ್ನು ಮೋಸಗೊಳಿಸುವ ಉಪಾಯವನ್ನು ಕೆಲವರು ಕಂಡುಹಿಡಿದಿದ್ದರು. ಸೂಜಿಯ ಮೊನೆಯಷ್ಟು ಕೈತಪ್ಪಿದರೂ ಬೋರ್ಡಿಗೆ ಕೇಡಾಗುವ ಆ ಕುಶಲವಿದ್ಯೆಯನ್ನು ಮನೆಯಲ್ಲಿ ಪ್ರಯೋಗಿಸದಿರುವುದೇ ಒಳ್ಳೆಯದು.

ಕೆಲಸಕ್ಕೆ ಕೈಯಿಡುವ ಮೊದಲು ಯಂತ್ರದ ಮುಪ್ಪನ್ನು ಪರೀಕ್ಷಿಸತಕ್ಕದ್ದು. ಮೊಟ್ಟಮೊದಲನೆಯದಾಗಿ, ಅದರಲ್ಲಿರುವ ಚಿತ್ರಗಳು, ಪತ್ರಗಳು, ಲೆಕ್ಕಪತ್ರಗಳು ಇವೆಲ್ಲವನ್ನೂ ಬೇರೊಂದು ಡಿಸ್ಕಿಗೆ ಪ್ರತಿಮಾಡಿ, ಆ ಡಿಸ್ಕನ್ನು ಯಂತ್ರದಿಂದ ಬೇರ್ಪಡಿಸಿ ಇಡಬೇಕು. ವೇಗವನ್ನು ಏರಿಸಿದ ಮೇಲೆ ಪ್ರತಿಮಾಡಿದರೆ ಸಾಲದು. ತಪ್ಪುವ ಯಂತ್ರವು ಪ್ರತಿಯನ್ನೂ ತಪ್ಪಾಗಿಯೇ ಬರೆಯಬಹುದು. ತರುವಾಯ ವಿದ್ಯುತ್ತಿನ ಸಂಬಂಧವನ್ನು ಕಡಿದು ಪೆಟ್ಟಿಗೆಯನ್ನು ತೆರೆಯಬೇಕು. ಶಾಖಹಾರಿಯಾದ ಲೋಹದ ಗರಿಗಳ ನಡುವೆ ವರ್ಷಗಳ ಧೂಳು ಕಂಬಳಿಯಂತೆ ಕೂತಿರುವುದು. ಪಂಖವು ತಿರುಗದಂತೆ ಬೆರಳಿನಿಂದ ಹಿಡಿದುಕೊಂಡು ಅದನ್ನು ಊದಿ ತೆಗೆಯಬೇಕು. ಪ್ರೊಸೆಸರಿಗೂ ಶಾಖಹಾರಿಗೂ ನಡುವೆ ಸವರಿದ ಲೇಪವು ಇಷ್ಟು ವರ್ಷಗಳಲ್ಲಿ ಒಣಗಿ ಸುಣ್ಣದ ಹಕ್ಕಳೆಯಂತಾಗಿರುತ್ತದೆ. ಅದನ್ನು ಸ್ಪಿರಿಟಿನಿಂದ ಒರಸಿ, ಬಟಾಣಿ ಕಾಳಿನಷ್ಟು ಹೊಸ ಲೇಪವನ್ನು ಇಡಬೇಕು. ಹೆಚ್ಚು ಹಚ್ಚಿದರೆ ಹೆಚ್ಚು ತಂಪೆಂಬುದು ತಪ್ಪು ತಿಳಿವಳಿಕೆ. ಬೋರ್ಡಿನ ಮೇಲಿನ ಕೆಪ್ಯಾಸಿಟರುಗಳೆಂಬ ಪುಟ್ಟ ಡಬ್ಬಿಗಳ ನೆತ್ತಿಯು ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ ಅಥವಾ ಕಂದು ರಸವು ಜಿನುಗಿದ್ದರೆ ವೇಗವರ್ಧನೆಯ ಮಾತನ್ನು ಅಲ್ಲಿಗೇ ಬಿಡಬೇಕು. ವಿದ್ಯುತ್ತನ್ನು ಒದಗಿಸುವ ಪೆಟ್ಟಿಗೆಯೂ ಮುಪ್ಪಾಗಿದ್ದರೆ ಬದಲಾಯಿಸುವುದು ಉತ್ತಮ. ಆ ಪೆಟ್ಟಿಗೆಯನ್ನು ಮಾತ್ರ ಎಂದಿಗೂ ಬಿಚ್ಚಕೂಡದು. ತಂತಿಯನ್ನು ಕಿತ್ತ ಮೇಲೂ ಅದರಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರುವುದು.

ನಮ್ಮ ನಾಡಿನ ವಾಚಕರಿಗೆ ಇನ್ನೊಂದು ಮಾತನ್ನು ವಿಶೇಷವಾಗಿ ಹೇಳಬೇಕಾಗಿದೆ. ಶಾಖಹಾರಿಯು ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಂಪಾಗಿಸಲಾರದು. ಕೋಣೆಯ ಉಷ್ಣದ ಮೇಲೆ ಇಂತಿಷ್ಟು ಡಿಗ್ರಿ ಎಂದು ಮಾತ್ರ ನಿಲ್ಲಿಸಬಲ್ಲದು. ಚಳಿಯ ದೇಶದವನೊಬ್ಬನು ೨೦ ಡಿಗ್ರಿಯ ಕೋಣೆಯಲ್ಲಿ ತನ್ನ ಪ್ರೊಸೆಸರು ೬೦ ಡಿಗ್ರಿ ತೋರಿಸಿತೆಂದು ಬರೆದಿದ್ದರೆ, ಅದೇ ಏರ್ಪಾಡು ಮೇ ತಿಂಗಳ ರಾಯಚೂರಿನ ೩೮ ಡಿಗ್ರಿಯ ಕೋಣೆಯಲ್ಲಿ ೭೮ ತೋರಿಸುವುದು. ಡಿಸೆಂಬರಿನಲ್ಲಿ ಸರಿಯಾಗಿ ನಡೆದ ಯಂತ್ರವು ಬೇಸಿಗೆಯಲ್ಲಿ ತಪ್ಪತೊಡಗುವುದಕ್ಕೆ ಇದೇ ಕಾರಣ. ಆದುದರಿಂದ ಪರೀಕ್ಷೆಯನ್ನು ಸೆಕೆಯ ದಿನಗಳಲ್ಲಿ, ಅದೂ ಮಧ್ಯಾಹ್ನದಲ್ಲಿ ನಡೆಯಿಸಬೇಕು. ಉಷ್ಣವನ್ನು ತೋರಿಸುವ ಕೋರ್ ಟೆಂಪ್ ಮೊದಲಾದ ಪ್ರೋಗ್ರಾಮುಗಳು ಹೇಳುವ ಡಿಗ್ರಿಯನ್ನು ಅಕ್ಷರಶಃ ನಂಬಲಾಗದು. ಒಳಗಿನ ಉಷ್ಣಮಾಪಕವು ನಿಜವಾಗಿ ತಿಳಿಸುವುದು ಮೇಲ್ಮಿತಿಗೆ ಇನ್ನೆಷ್ಟು ಡಿಗ್ರಿ ದೂರವಿದೆ ಎಂಬುದನ್ನು. ಪ್ರೋಗ್ರಾಮು ಮಿತಿಯನ್ನು ಊಹಿಸಿಕೊಂಡು ಅದರಿಂದ ಕಳೆದು ಉಷ್ಣವನ್ನು ತೋರಿಸುತ್ತದೆ. ಹೀಗಿರುವುದರಿಂದ ದೂರವನ್ನೇ ನೋಡುವುದು ಜಾಣತನ. ಅತ್ಯಂತ ಕಠಿಣವಾದ ದುಡಿಮೆಯಲ್ಲಿಯೂ ಮಿತಿಗೆ ೨೫ ಡಿಗ್ರಿಯಾದರೂ ದೂರ ಉಳಿದಿದ್ದರೆ ನೆಮ್ಮದಿ. ಪ್ರೊಸೆಸರಿನ ಜೊತೆಯಲ್ಲಿ ಬಂದ ಸಣ್ಣ ಶಾಖಹಾರಿಯಿಂದ ಅಷ್ಟು ಆಗದಿದ್ದರೆ ಎತ್ತರವಾದ ಗೋಪುರದಾಕಾರದ್ದೊಂದನ್ನು ಕೊಳ್ಳಬೇಕು, ಇಲ್ಲವೆ ವೇಗವನ್ನು ಇಳಿಸಬೇಕು.

ಈಗ ಕಾರ್ಯಕ್ರಮ. ಯಂತ್ರವನ್ನು ಚಾಲನೆಗೊಳಿಸಿದ ಕೂಡಲೆ ಡಿಲೀಟ್ ಕೀಲಿಯನ್ನೋ ಬೋರ್ಡಿನವರು ಹೇಳಿದ ಬೇರೊಂದು ಕೀಲಿಯನ್ನೋ ಒತ್ತಿದರೆ ಬಯಾಸ್ ಎಂಬ ಮೂಲವ್ಯವಸ್ಥೆಯ ಪುಟವು ತೆರೆಯುವುದು. ಅಲ್ಲಿರುವ ಸಂಖ್ಯೆಗಳನ್ನೆಲ್ಲ ಮೊದಲು ಕಾಗದದಲ್ಲಿ ಬರೆದುಕೊಳ್ಳಬೇಕು, ಇಲ್ಲವೆ ಚಿತ್ರ ತೆಗೆದುಕೊಳ್ಳಬೇಕು. ಬೋರ್ಡಿನ ವಿವೇಚನೆಗೆ ಬಿಟ್ಟಿರುವ ‘ಆಟೋ’ ಎಂಬ ಪದವು ಪ್ರೊಸೆಸರಿನ ವೋಲ್ಟೇಜಿನ ಎದುರಿನಲ್ಲಿ ಇರಗೊಡಿಸಬಾರದು. ತಾಳ ಏರಿದಂತೆ ಕೆಲವು ಬೋರ್ಡುಗಳು ಕೇಳದೆಯೇ ವೋಲ್ಟೇಜನ್ನು ಏರಿಸಿಬಿಡುವುವು. ಈಗ ಎಷ್ಟಿದೆಯೋ ಅಷ್ಟನ್ನೇ ಅಂಕಿಯಲ್ಲಿ ಬರೆದು ಸ್ಥಿರಪಡಿಸಬೇಕು. ಪಿಸಿಐ ಎಕ್ಸ್‌ಪ್ರೆಸಿನ ತಾಳವನ್ನು ೧೦೦ಕ್ಕೂ ಪಿಸಿಐ ತಾಳವನ್ನು ೩೩ಕ್ಕೂ ಕಟ್ಟಿಹಾಕಬೇಕು. ಇವು ಮೂಲತಾಳದೊಡನೆ ಏರಿದರೆ ಡಿಸ್ಕು ಮೊದಲಾದ ಇತರ ಅಂಗಗಳು ದಿಕ್ಕೆಡುವುವು.

ಹೊಸಬರು ಮೋಸಹೋಗುವ ಸ್ಥಳವೆಂದರೆ ಮೆಮೊರಿ. ಡಿಡಿಆರ್೨-೮೦೦ ಎಂಬ ಮೆಮೊರಿಯ ಸ್ವಂತ ತಾಳ ೪೦೦ ಮೆಗಾಹರ್ಟ್ಸ್; ೨೬೬ರ ಮೂಲತಾಳಕ್ಕೆ ಅದು ಒಂದೂವರೆ ಪಟ್ಟು. ಮೂಲತಾಳವನ್ನು ೩೩೩ ಮಾಡಿ ಈ ಪ್ರಮಾಣವನ್ನು ಹಾಗೆಯೇ ಬಿಟ್ಟರೆ ಮೆಮೊರಿಯು ೫೦೦ರಲ್ಲಿ ಓಡಬೇಕಾಗುವುದು; ಅದು ಅದರ ಶಕ್ತಿಗೆ ಮೀರಿದುದು. ಯಂತ್ರವು ಕುಸಿಯುವುದು, ದೂರು ಪಾಪ, ಪ್ರೊಸೆಸರಿನ ಮೇಲೆ ಬೀಳುವುದು. ಪ್ರಮಾಣವನ್ನು ಒಂದಕ್ಕೊಂದು ಎಂದು ಇಟ್ಟು ೩೩೩ರಲ್ಲಿ ನಡೆಯಿಸಿದರೆ ಮೆಮೊರಿಗೆ ಯಾವ ಶ್ರಮವೂ ಇಲ್ಲ. ವೇಗದಲ್ಲಿ ಆಗುವ ನಷ್ಟವೂ ಅತ್ಯಲ್ಪ.

ಇಷ್ಟಾದ ಮೇಲೆ ಮೂಲತಾಳವನ್ನು ೨೬೬ರಿಂದ ೨೮೫, ೩೦೦, ೩೧೫, ೩೩೩ ಹೀಗೆ ಮೆಟ್ಟಲು ಮೆಟ್ಟಲಾಗಿ ಏರಿಸಬೇಕು. ಪ್ರತಿಯೊಂದು ಮೆಟ್ಟಲಿನಲ್ಲಿಯೂ ಯಂತ್ರವನ್ನು ಪರೀಕ್ಷೆಗೆ ಗುರಿಮಾಡಿ, ಉಷ್ಣವನ್ನು ನೋಡಿ, ತೃಪ್ತಿಯಾದ ಮೇಲೆಯೇ ಮುಂದಿನದಕ್ಕೆ ಹೋಗತಕ್ಕದ್ದು. ಯಂತ್ರವು ತೆರೆಯದೆ ಕಪ್ಪು ಪರದೆಯನ್ನು ತೋರಿಸಿದರೆ ಹೆದರಬೇಕಾದುದಿಲ್ಲ; ವಿದ್ಯುತ್ತನ್ನು ಕಡಿದು, ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ಹೊರತೆಗೆದು ಹಾಕಿದರೆ ಹಳೆಯ ಸಂಖ್ಯೆಗಳು ಮರಳುವುವು. ೩೩೩ಕ್ಕೆ ಸ್ವಲ್ಪ ಸಾಲದೆ ಬಂದರೆ ವೋಲ್ಟೇಜಿನಲ್ಲಿ ಒಂದೆರಡು ಅತಿ ಸಣ್ಣ ಮೆಟ್ಟಲುಗಳನ್ನು ಏರಿಸಿ ನೋಡಬಹುದು. ಅದಕ್ಕೂ ಒಗ್ಗದಿದ್ದರೆ ಆ ಬಿಲ್ಲೆಯ ಶಕ್ತಿ ಅಷ್ಟೇ ಎಂದು ತಿಳಿದು ಹಿಂದಿನ ಮೆಟ್ಟಲಿಗೆ ಇಳಿಯಬೇಕು. ನೆರೆಮನೆಯವರ ಪ್ರೊಸೆಸರು ಎಷ್ಟರಲ್ಲಿ ಓಡುತ್ತದೆಂಬುದು ಇಲ್ಲಿ ಸಾಕ್ಷಿಯಾಗಲಾರದು.

ಪರೀಕ್ಷೆಯೆಂದರೆ ಯಂತ್ರವು ತೆರೆದುಕೊಂಡು ಒಂದು ಹಾಡನ್ನು ನುಡಿಸಿತೆಂಬುದಲ್ಲ. ಜಾರ್ಜ್ ವೋಲ್ಟ್‌ಮನ್ ಎಂಬವರು ೧೯೯೬ರಲ್ಲಿ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವುದಕ್ಕಾಗಿ ಲೋಕದ ಸ್ವಯಂಸೇವಕರ ಗಣಕಯಂತ್ರಗಳನ್ನೆಲ್ಲ ಒಂದುಗೂಡಿಸುವ ಉದ್ಯಮವನ್ನು ಆರಂಭಿಸಿದರು. ಎರಡನ್ನು ಮತ್ತೆ ಮತ್ತೆ ಎರಡರಿಂದ ಗುಣಿಸಿ ಒಂದನ್ನು ಕಳೆದಾಗ ದೊರೆಯುವ ಅವಿಭಾಜ್ಯಗಳಿಗೆ ಆ ಹೆಸರು. ಈ ಲೆಕ್ಕಗಳು ದಿನಗಟ್ಟಲೆ, ವಾರಗಟ್ಟಲೆ ನಡೆಯತಕ್ಕವುಗಳಾದುದರಿಂದ ನಡುವೆ ಒಂದು ಅಂಕಿ ತಪ್ಪಿದರೂ ಶ್ರಮವೆಲ್ಲ ನೀರುಪಾಲು. ಅದಕ್ಕಾಗಿ ಅವರ ಪ್ರೈಮ್೯೫ ಎಂಬ ಪ್ರೋಗ್ರಾಮಿನಲ್ಲಿ ಉತ್ತರವು ಮೊದಲೇ ತಿಳಿದಿರುವ ಲೆಕ್ಕಗಳನ್ನು ಯಂತ್ರದಿಂದ ಮಾಡಿಸಿ ತಾಳೆನೋಡುವ ಪರೀಕ್ಷೆಯನ್ನು ಸೇರಿಸಿದರು. ಪ್ರೊಸೆಸರಿನ ನಾಲ್ಕು ಘಟಕಗಳನ್ನೂ ಏಕಕಾಲದಲ್ಲಿ ಬೆವರಿಳಿಸುವಂತೆ ದುಡಿಸುವ ಈ ಪರೀಕ್ಷೆಯನ್ನು ಮಧ್ಯದ ಮೆಟ್ಟಲುಗಳಲ್ಲಿ ಅರ್ಧ ಗಂಟೆಯೂ ಕೊನೆಯ ಮೆಟ್ಟಲಿನಲ್ಲಿ ಒಂದು ಇಡೀ ದಿನವೂ ನಡೆಯಿಸಬೇಕು. ಒಂದೇ ಒಂದು ತಪ್ಪು ತೋರಿದರೂ ಅನುತ್ತೀರ್ಣವೆಂದೇ ಎಣಿಸಬೇಕು. ನೂರಕ್ಕೆ ತೊಂಬತ್ತೊಂಬತ್ತು ಅಂಕಗಳಿಗೆ ಇಲ್ಲಿ ಬೆಲೆಯಿಲ್ಲ. ಮೆಮೊರಿಗೆ ಮೆಮ್‌ಟೆಸ್ಟ್೮೬+ ಎಂಬ ಬೇರೆ ಪರೀಕ್ಷೆಯುಂಟು. ಅದನ್ನು ಒಂದು ರಾತ್ರಿ ಬಿಟ್ಟರೆ ಸಾಕು.

ಇಷ್ಟು ನಿಷ್ಠುರತೆ ಏಕೆಂದು ಕೇಳುವವರಿಗೆ ಎರಡು ವೃತ್ತಾಂತಗಳನ್ನು ಹೇಳುವೆವು. ಮೈಕ್ರೋಸಾಫ್ಟ್ ಕಂಪೆನಿಯ ರೇಮಂಡ್ ಚೆನ್ ಎಂಬವರು ೨೦೦೫ರಲ್ಲಿ ಒಂದು ಸಂಗತಿಯನ್ನು ಬರೆದರು. ವಿಂಡೋಸ್ ಕುಸಿದುಬಿದ್ದ ವರದಿಗಳನ್ನು ಶೋಧಿಸುತ್ತಿದ್ದ ಅವರ ಸಹೋದ್ಯೋಗಿಗಳಿಗೆ, ತಪ್ಪಲು ಸಾಧ್ಯವೇ ಇಲ್ಲದ ಎಡೆಯಲ್ಲಿ ಯಂತ್ರ ತಪ್ಪಿದ ನಿದರ್ಶನಗಳು ಕಂಡುಬಂದುವು. ಒಂದು ಸ್ಥಾನವನ್ನು ಸೊನ್ನೆಮಾಡು ಎಂಬ ಅತ್ಯಂತ ಸರಳವಾದ ಆಜ್ಞೆಯಲ್ಲಿಯೇ ಯಂತ್ರ ಎಡವಿತ್ತು. ವಿಚಾರಿಸಲಾಗಿ ಅವುಗಳಲ್ಲಿ ಹಲವು ಅತಿವೇಗದಲ್ಲಿ ನಡೆಯಿಸಿದ ಯಂತ್ರಗಳೆಂದು ತಿಳಿಯಿತು. ಅವುಗಳ ಯಜಮಾನರಲ್ಲಿ ಕೆಲವರಿಗೆ ಆ ಸಂಗತಿಯೇ ಗೊತ್ತಿರಲಿಲ್ಲ. ಮಾರಿದವರು ಕದ್ದು ವೇಗವನ್ನೇರಿಸಿ ಕೊಟ್ಟಿದ್ದರು. ಎರಡನೆಯದು, ಅದೇ ಕಂಪೆನಿಯ ಸಂಶೋಧಕರು ಸುಮಾರು ಹತ್ತು ಲಕ್ಷ ಮನೆಬಳಕೆಯ ಯಂತ್ರಗಳ ವರದಿಗಳನ್ನು ಪರಿಶೀಲಿಸಿ ೨೦೧೧ರಲ್ಲಿ ಪ್ರಕಟಿಸಿದ ಅಧ್ಯಯನ. ಎಂಟು ತಿಂಗಳ ಅವಧಿಯಲ್ಲಿ ಪ್ರೊಸೆಸರಿನ ದೋಷದಿಂದ ಯಂತ್ರವು ಕುಸಿಯುವ ಸಂಭವವು, ವೇಗವನ್ನು ಏರಿಸಿದಾಗ ಒಬ್ಬ ತಯಾರಕರ ಪ್ರೊಸೆಸರುಗಳಲ್ಲಿ ಸುಮಾರು ೨೦ ಪಟ್ಟೂ ಮತ್ತೊಬ್ಬರ ಪ್ರೊಸೆಸರುಗಳಲ್ಲಿ ೪ ಪಟ್ಟಿಗಿಂತ ಹೆಚ್ಚೂ ಆಗಿತ್ತು. ಕುಸಿದ ಯಂತ್ರವಾದರೂ ತನ್ನ ದೋಷವನ್ನು ಹೊರಗೆಡಹಿತು. ಕುಸಿಯದೆ, ಮಗುವಿನ ನಾಮಕರಣದ ಚಿತ್ರದಲ್ಲಿ ಅರ್ಧವನ್ನು ಬೂದುಪಟ್ಟೆಯಾಗಿಸಿ ಬರೆದಿಟ್ಟ ಯಂತ್ರವು ಯಾವ ವರದಿಯಲ್ಲಿಯೂ ಸೇರುವುದಿಲ್ಲ.

ಆಯುಷ್ಯದ ವಿಷಯವಾಗಿಯೂ ಎರಡು ಮಾತು. ಬಿಲ್ಲೆಯೊಳಗಿನ ಸೂಕ್ಷ್ಮ ತಂತಿಗಳಲ್ಲಿ ಹರಿಯುವ ಪ್ರವಾಹವು ಲೋಹದ ಕಣಗಳನ್ನು ಹೊಳೆ ಮರಳನ್ನು ನೂಕುವಂತೆ ನೂಕುತ್ತ ಹೋಗುವುದು. ಪ್ರವಾಹ ಹೆಚ್ಚಿದಷ್ಟೂ, ಅದಕ್ಕಿಂತಲೂ ಮುಖ್ಯವಾಗಿ ಉಷ್ಣ ಹೆಚ್ಚಿದಷ್ಟೂ ಈ ಸವಕಳಿ ಬೇಗನೆ ಆಗುವುದೆಂಬುದನ್ನು ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿಯು ೧೯೬೦ರ ದಶಕದ ಕೊನೆಯಲ್ಲಿಯೇ ಸಮೀಕರಣರೂಪವಾಗಿ ತೋರಿಸಿದ್ದನು. ಹೆಚ್ಚು ವೋಲ್ಟೇಜಿನಿಂದ ಟ್ರಾನ್ಸಿಸ್ಟರುಗಳಿಗಾಗುವ ಮುಪ್ಪು ಬೇರೆ. ಇದು ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. ಇಂಟೆಲಿನ ೧೩ನೆಯ ಮತ್ತು ೧೪ನೆಯ ಪೀಳಿಗೆಯ ಕೆಲವು ಮೇಜಿನ ಪ್ರೊಸೆಸರುಗಳು ಕಾಲಕ್ಕೆ ಮೊದಲೇ ಅಸ್ಥಿರವಾದುದಕ್ಕೆ ಮಿತಿಮೀರಿದ ವೋಲ್ಟೇಜೇ ಕಾರಣವೆಂದು ೨೦೨೪ರಲ್ಲಿ ಆ ಕಂಪೆನಿಯವರೇ ಒಪ್ಪಿಕೊಂಡರು. ವೋಲ್ಟೇಜನ್ನು ಮುಟ್ಟದಿರಿ ಎಂಬ ನಮ್ಮ ಸಲಹೆಗೆ ಇದೂ ಒಂದು ಆಧಾರ.

ಇಷ್ಟೆಲ್ಲ ಮಾಡಿದ ಮೇಲೆ ದೊರೆಯುವ ಲಾಭವೆಷ್ಟು? ಚಲನಚಿತ್ರಗಳನ್ನು ಸಂಕ್ಷೇಪಿಸುವುದು, ನೂರಾರು ಛಾಯಾಚಿತ್ರಗಳನ್ನು ಒಟ್ಟಿಗೆ ತಿದ್ದುವುದು ಮುಂತಾದ ದುಡಿಮೆಗಳಲ್ಲಿ ಒಂದು ಗಂಟೆಯ ಕೆಲಸವು ಸುಮಾರು ೪೮ ನಿಮಿಷಗಳಲ್ಲಿ ಮುಗಿಯುವುದು. ಆದರೆ ಯಂತ್ರವು ತೆರೆಯಲು ಐದು ನಿಮಿಷ ಹಿಡಿಯುತ್ತದೆಂಬುದು ದೂರಾಗಿದ್ದರೆ ಅಪರಾಧಿಯು ಪ್ರೊಸೆಸರಲ್ಲ, ತಿರುಗುವ ಹಳೆಯ ಡಿಸ್ಕು. ಅದರ ಬದಲಿಗೆ ಎಸ್‌ಎಸ್‌ಡಿ ಎಂಬ ತಿರುಗದ ಡಿಸ್ಕನ್ನು ಹಾಕಿದರೆ ಕಾಣುವ ವ್ಯತ್ಯಾಸದ ಮುಂದೆ ವೇಗವರ್ಧನೆಯು ಮಂಕಾಗುವುದು. ಮೆಮೊರಿ ೨ ಗಿಗಾಬೈಟು ಮಾತ್ರವಿದ್ದರೆ ಅದನ್ನೂ ಹೆಚ್ಚಿಸಬೇಕು. ನಮ್ಮನ್ನು ಕೇಳಿದರೆ ಇವೆರಡನ್ನು ಮಾಡಿ ಆರು ತಿಂಗಳು ಕಾದು, ಆಮೇಲೂ ಸಾಲದೆಂದು ತೋರಿದರೆ ಮಾತ್ರ ತಾಳಕ್ಕೆ ಕೈಹಾಕುವುದು ಸರಿ ಎನ್ನುವೆವು. ಇನ್ನು ಹೊಸ ವಿಂಡೋಸಿನ ಆಸೆಯಿದ್ದರೆ ಯಾವ ವೇಗವೂ ಸಹಾಯಮಾಡಲಾರದು. ವಿಂಡೋಸ್ ೧೦ಕ್ಕೆ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿಯಿತು; ವಿಂಡೋಸ್ ೧೧ರ ೨೦೨೪ರ ಆವೃತ್ತಿಯಿಂದೀಚಿನವು ಬೇಡುವ ಕೆಲವು ಆಜ್ಞೆಗಳು ಕ್ಯೂ ೬೬೦೦ರಲ್ಲಿ ಇಲ್ಲವೇ ಇಲ್ಲ. ಲಿನಕ್ಸಿನ ಹಗುರವಾದ ಆವೃತ್ತಿಗಳು ಇದರ ಮೇಲೆ ಈಗಲೂ ಸೊಗಸಾಗಿ ನಡೆಯುತ್ತವೆ; ಕನ್ನಡದಲ್ಲಿ ಬರೆಯುವುದಕ್ಕೂ ಅವುಗಳಲ್ಲಿ ಯಾವ ಅಡ್ಡಿಯೂ ಇಲ್ಲ.

ಎಲ್ಲವೂ ಸರಿಹೋದ ಮೇಲೆ ಮಾಡಬೇಕಾದುದೊಂದು ಉಳಿದಿದೆ. ಮೂಲತಾಳ, ಗುಣಕ, ವೋಲ್ಟೇಜು, ಮೆಮೊರಿಯ ಪ್ರಮಾಣ, ಪರೀಕ್ಷೆಯ ದಿನ, ಆಗಿನ ಕೋಣೆಯ ಉಷ್ಣ, ಮಿತಿಗೆ ಉಳಿದಿದ್ದ ದೂರ ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಮೈಗೆ ಅಂಟಿಸಬೇಕು. ಯಂತ್ರವನ್ನು ನಾಳೆ ತಂಗಿಗೋ, ಮನೆಗೆಲಸದವಳ ಮಗಳ ಓದಿಗೋ ಕೊಟ್ಟಾಗ ಅದನ್ನು ತೆರೆದವರಿಗೆ ಇದು ಸಹಜವಾದ ವೇಗದಲ್ಲಿಲ್ಲವೆಂಬುದು ತಿಳಿಯಬೇಕು. ಕೊಡುವ ಮೊದಲು ೨೬೬ಕ್ಕೆ ಇಳಿಸಿಯೇ ಕೊಡುವುದು ಇನ್ನೂ ಉತ್ತಮ. ತಾವೇ ಇಟ್ಟುಕೊಂಡರೆ ಪ್ರತಿವರ್ಷವೂ ಏಪ್ರಿಲಿನಲ್ಲಿ ಒಂದು ಸಲ ಧೂಳನ್ನು ಊದಿ, ಒಂದು ರಾತ್ರಿ ಪ್ರೈಮ್೯೫ನ್ನು ನಡೆಯಿಸಿ, ಹಿಂದಿನ ವರ್ಷದ ಅಂಕಿಗಳ ಕೆಳಗೆ ಹೊಸ ಅಂಕಿಗಳನ್ನು ಬರೆಯತಕ್ಕದ್ದು. ಮಿತಿಗೆ ಉಳಿದ ದೂರವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದರೆ ಲೇಪವು ಪುನಃ ಒಣಗಿರುವುದು. ದೂರವು ಹಾಗೆಯೇ ಇದ್ದು ಲೆಕ್ಕದಲ್ಲಿ ತಪ್ಪುಗಳು ತೋರಿದರೆ, ಮೂಲತಾಳವನ್ನು ಒಂದು ಮೆಟ್ಟಲು ಇಳಿಸುವ ಕಾಲ ಬಂದಿರುವುದು.